ಜಡೆಯವನ ಕ್ಯಾಸೆಟ್ಟು

ಮಾಣಿಕನಗರದ ಸಂಜೀವಕುಮಾರನಿಗೆ ಹಾಡಲು ಬರುತ್ತಿರಲಿಲ್ಲ, ಬಾರಿಸಲು ಬರುತ್ತಿರಲಿಲ್ಲ. ತಲೆದೂಗಲು ಮಾತ್ರ ಬರುತ್ತಿತ್ತು. ಅದನ್ನು ಸಣ್ಣ ವಿದ್ಯೆ ಎಂದು ತಿಳಿಯಬಾರದು. ದತ್ತ ಜಯಂತಿಯ ಹೊತ್ತಿಗೆ ಅಲ್ಲಿಯ ಮಠಕ್ಕೆ ದೂರದೂರದ ಗವಾಯಿಗಳು ಬರುತ್ತಾರೆ. ಹಾಡುವವನಿಗೆ ಎದುರಿಗೆ ತೂಗುವ ಒಂದು ತಲೆ ಬೇಕು. ಹತ್ತಿರದಲ್ಲೇ ತೆಂಗಿನಕಾಯಿ, ಕರ್ಪೂರದ ಅಂಗಡಿ ಇಟ್ಟುಕೊಂಡಿದ್ದ ಸಂಜೀವಕುಮಾರ ಎಲ್ಲರಿಗಿಂತ ಮುಂಚೆ ಹೋಗಿ ಮೊದಲ ಸಾಲಿನಲ್ಲಿ ಕೂರುತ್ತಿದ್ದ. ಗವಾಯಿ ಕಣ್ಣು ಮುಚ್ಚಿದರೆ ತಾನೂ ಮುಚ್ಚುತ್ತಿದ್ದ. ಗವಾಯಿ ಕೈ ಎತ್ತಿದರೆ ತಾನು ತಲೆದೂಗುತ್ತಿದ್ದ. ಒಂದು ವರ್ಷ ಯಾರೋ ಒಬ್ಬರು ಹಾಡು ನಿಲ್ಲಿಸಿ, ಇವನ ಕಡೆ ಕೈ ಮಾಡಿ, ಇಂಥ ಕೇಳುವವರು ಸಿಗಬೇಕು ಎಂದುಬಿಟ್ಟರು. ಅಂದಿನಿಂದ ಇವನು ಸಂಗೀತ ತಿಳಿದವರ ಪೈಕಿಯಾದ. ಕಾಯಿ ಕೊಳ್ಳಲು ಬಂದವರು ಇವನ ಅಭಿಪ್ರಾಯವನ್ನೂ ಕೇಳಿಕೊಂಡು ಹೋಗತೊಡಗಿದರು.

ಅವನಿಗೆ ಇನ್ನೊಂದು ರೋಗವಿತ್ತು. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಭಾಲ್ಕಿಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದವರಿಗೆ ಕೂಡಲೇ ಕೈ ತೋರಿಸುತ್ತಿದ್ದ. ಹಾಗೆ ತೋರಿಸಿಕೊಂಡ ಎಷ್ಟೋ ಜನ ಬೇರೆ ದಿಕ್ಕಿನ ಜಹೀರಾಬಾದು ನೋಡಿ ಬಂದಿದ್ದಾರೆ. ಕೇಳಿದವರ ಮುಖ ನೋಡಿ, ಆ ಮುಖಕ್ಕೆ ಏನು ಬೇಕಾಗಿದೆಯೋ ಅದನ್ನು ಹೇಳುವುದು ಅವನ ಸ್ವಭಾವ. ಇದನ್ನು ಸುಳ್ಳು ಎನ್ನಲಾಗದು, ಉಪಚಾರ ಎನ್ನಬೇಕು.

ಇಂಥವನು ಅಳಿಯನಾದದ್ದು ದುಬಲಗುಂಡಿಯ ಆಚೆಗಿನ ಒಂದು ಊರಿನ ಮಹಾರುದ್ರಪ್ಪ ಪಾಟೀಲರಿಗೆ. ಪಾಟೀಲರಿಗೆ ಭೂಮಿ ಬಹಳ, ಮಾತು ಅದಕ್ಕಿಂತ ಬಹಳ, ಮಾತಿನಲ್ಲಿ ಮುಕ್ಕಾಲುಪಾಲು ಬೈಗುಳ. ಎತ್ತಿಗೆ, ಆಳಿಗೆ, ಹೆಂಡತಿಗೆ, ಮಳೆಗೆ ಎಲ್ಲಕ್ಕೂ ಅವರಲ್ಲಿ ಬೇರೆಬೇರೆ ಬೈಗುಳಗಳಿದ್ದವು; ಒಂದನ್ನು ತಪ್ಪಿ ಇನ್ನೊಂದಕ್ಕೆ ಬಳಸಿದವರಲ್ಲ.

ಆ ಊರಿನ ಕೆಳಗಿನ ಓಣಿಯವರು ಬೌದ್ಧ ದೀಕ್ಷೆ ತೆಗೆದುಕೊಂಡವರು. ಮೊದಲು ಊರಿನಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಹಲಗೆ ಬಾರಿಸುವುದು ಅವರ ತಲೆಗೆ ಕಟ್ಟಿದ ಕೆಲಸ. ಬಾರಿಸಿದರೆ ಒಂದು ಮೊರ ಜೋಳ, ಬಾರಿಸದಿದ್ದರೆ ಒದೆ. ಹಿಂದೊಂದು ವರ್ಷ ಬಾಬಾಸಾಹೇಬರ ಜಯಂತಿಯ ದಿನ ಓಣಿಯ ಹಿರಿಯ ಜ್ಞಾನೇಶ್ವರ ತನ್ನ ಹಲಗೆಯನ್ನು ಎಲ್ಲರ ಎದುರು ಬೆಂಕಿಗೆ ಹಾಕಿದ. ಉಳಿದವರೂ ಹಾಕಿದರು. ಸುದ್ದಿ ಕೇಳಿದ ಪಾಟೀಲರು ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದರು.

“ನನ್ನ ಹೆಣ ಹಲಗಿ ಇಲ್ಲದ ಏಳೂದಿಲ್ಲ. ಆ ಜ್ಞಾನ್ಯಾನ ಬಾರಸಬೇಕು. ಬಾರಸಲಿಲ್ಲಂದ್ರ ಆ ಓಣಿದು ಒಂದು ಕೂಸು ಸೈತ ನನ್ನ ಹೊಲದಾಗ ಕಾಲಿಡಬಾರದು. ಬಸ್ಯಾ, ಕೇಳಸ್ತೇನು?”

ಬಸ್ಯಾ ಎಂದರೆ ಅವರ ಮಗ ಬಸವಕುಮಾರ. ಅವನಿಗೆ ಕೇಳಿಸಿತು. ಅಷ್ಟಕ್ಕೆ ಬಿಡದೆ ಪಾಟೀಲರು ಹುಮನಾಬಾದಿನ ಸಂತೆಯಿಂದ ಒಂದು ಹೊಸ ಹಲಗೆ ತಂದು ದನದ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದರು. ತಮ್ಮ ಸಾವಿಗೆ ತಾವೇ ವಾದ್ಯ ತಂದಿಟ್ಟುಕೊಂಡವರು ನಮ್ಮ ಕಡೆ ಅವರೊಬ್ಬರೇ ಇರಬೇಕು.

ಹೀಗಾಗಿ ಪಾಟೀಲರ ಆಯುಷ್ಯ ಹೆಚ್ಚಲಿ ಎಂದು ಆ ಊರಿನಲ್ಲಿ ಮನಸ್ಸಿಟ್ಟು ಹಾರೈಸುತ್ತಿದ್ದವರು ಕೆಳಗಿನ ಓಣಿಯವರೇ. ಊರಿನ ತೊಗರಿ ಹೊಲವೆಲ್ಲ ಪಾಟೀಲರದು, ಇಲ್ಲವೆ ಅವರ ಮಾತು ಮೀರದ ಅಣ್ಣತಮ್ಮಂದಿರದು. ತೊಗರಿ ಕೊಯ್ಲಿನ ಕೂಲಿಯೇ ಓಣಿಗೆ ಯುಗಾದಿಯವರೆಗಿನ ಅನ್ನ. ಪಾಟೀಲರು ವಾಡೆಯಲ್ಲಿ ಕೆಮ್ಮಿದರೆ ಜ್ಞಾನೇಶ್ವರನ ಹೆಂಡತಿ ಕಾಂತಾಬಾಯಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. “ಶುಂಠಿ ಕಷಾಯ ಕೊಟ್ಟಾರೇನು ಕೇಳು” ಎಂದು ವಾಡೆಯ ಕಸಗುಡಿಸುವವಳ ಹತ್ತಿರ ವಿಚಾರಿಸುತ್ತಿದ್ದಳು.

ಆ ವರ್ಷ ಕಾರ್ತಿಕದಲ್ಲಿ ಪಾಟೀಲರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಅದು ದೊಡ್ಡದಲ್ಲ, ಮಾತು ಹೋಯಿತು. ಒಳಗಿರುವ ಬೈಗುಳ ಹೊರಗೆ ಬಾರದೆ ಅವರ ಮುಖ ದಿನದಿಂದ ದಿನಕ್ಕೆ ಕೆಂಪಾಗುತ್ತ ಹೋಯಿತು. ಹುಮನಾಬಾದಿನ ಡಾಕ್ಟರರು ಬಂದು ನೋಡಿ, “ಕಿವಿಗೇನರ ಬೀಳಲಿ, ಸುಮ್ಮ ಮಲಗಿಸಬ್ಯಾಡ್ರಿ” ಎಂದು ಹೇಳಿಹೋದರು. ಕಿವಿಯ ವಿಷಯ ಬಂದ ಮೇಲೆ ಅಳಿಯನನ್ನು ಬಿಟ್ಟು ಯಾರನ್ನು ಕೇಳುವುದು? “ಟೇಪು ನಾ ತರ್ತೀನಿ ಅತ್ತಿ. ಎಂಥಾ ಹಾಡು ಹಚ್ಚಬೇಕು ಅನ್ನೂದು ನನಗ ಬಿಡ್ರಿ” ಎಂದು ಸಂಜೀವಕುಮಾರ ಅತ್ತೆ ಕಸ್ತೂರಿಬಾಯಿಗೆ ಮಾತು ಕೊಟ್ಟ.

ಟೇಪು ಸಿಕ್ಕಿದ್ದು ಬಸವಕಲ್ಯಾಣದ ಆಟೋನಗರದಲ್ಲಿ. ಅಲ್ಲಿ ಲಾರಿಗಳಿಗೆ ಮೈ ಕಟ್ಟುತ್ತಾರೆ. ಕಟ್ಟಿದ ಮೇಲೆ ಬಣ್ಣ, ಬಣ್ಣದ ಮೇಲೆ ನವಿಲು. ಕ್ಯಾಬಿನ್ನಿನೊಳಗೆ ಟೇಪು, ಸ್ಪೀಕರು ಕೂರಿಸುವವನು ಯುನೂಸ್. ಹಳೆಯ ಲಾರಿಯೊಂದರಿಂದ ಬಿಚ್ಚಿದ ದೊಡ್ಡ ಟೇಪನ್ನು ಅವನು ಸಂಜೀವಕುಮಾರನ ಮುಂದೆ ಇಟ್ಟ. ಅದರ ಹೊಟ್ಟೆಯಲ್ಲಿ ಒಂದು ಕ್ಯಾಸೆಟ್ಟು ಉಳಿದಿತ್ತು, ಡಬ್ಬಿಯೂ ಜೊತೆಗಿತ್ತು. ಡಬ್ಬಿಯ ಮೇಲೆ ಕೆಂಪು, ಹಳದಿ, ಹಸಿರು ಪಟ್ಟಿ. ನಡುವೆ ಸೊಂಟದವರೆಗೆ ಜಡೆಗಟ್ಟಿದ ಕೂದಲಿನ ಒಬ್ಬ ಗಡ್ಡದವನು ಕಣ್ಣು ಮುಚ್ಚಿ ಹೊಗೆ ಬಿಡುತ್ತಿದ್ದ. ನಮ್ಮ ಕಡೆಯ ಯಾವ ಗುಡ್ಡದ ಗವಿಯಲ್ಲಾದರೂ ಕೂರಿಸಿದರೆ ಜನ ಸಂಜೆಯೊಳಗೆ ಕಾಯಿ ಒಡೆಯುವಂಥ ಮುಖ.

“ಇದು ಎಂಥಾದ್ದೋ ಯುನೂಸ್?”

“ಮುಂಬೈ ಡ್ರೈವರ್ ಬಿಟ್ಟುಹೋಗ್ಯಾನ್ರಿ ಸೇಠ್. ಹೊರದೇಶದ ಮಾಲು. ಅರ್ಧಾ ಹಾಡು ಬಡದಾಟ, ಅರ್ಧಾ ಹಾಡು ತೊಟ್ಟಿಲಾ. ಬಡದಾಟದಾಗ ಒಬ್ಬಾಂವ ಉಸಿರು ತಗೊಳ್ಳದ ಮಾತಾಡ್ತಾನ. ಆಮ್ಯಾಲ ಢೋಲು ತೂಕಡಸ್ತದ. ಇದನ್ನ ಹಚ್ಚಿದ್ರ ಕ್ಲೀನರ್ ಎದ್ದು ಕೂಡ್ತಾನ, ಡ್ರೈವರ್ ಮಲಗ್ತಾನ. ಖತರ್ನಾಕ್ ಅದ. ಒಯ್ರಿ, ಫುಕಟ್.”

ಸಂಜೀವಕುಮಾರ ಅರ್ಧ ಹಾಡು ಕೇಳಿ, ಕಣ್ಣು ಮುಚ್ಚಿ, ತಲೆದೂಗಿ, “ಕಲಾವಿದ!” ಎಂದ.

ಅದನ್ನು ಮಾವನ ಊರಿಗೆ ಒಯ್ಯುವ ಮೊದಲು ಮಾಣಿಕನಗರದ ಅಂಗಡಿಯಲ್ಲಿ ಹಚ್ಚಿ ಪರೀಕ್ಷೆ ನಡೆಯಿತು. ಅಭಿಪ್ರಾಯಗಳು ತಾವಾಗಿ ಬಂದವು. ಪಕ್ಕದ ಬಳೆಯಂಗಡಿಯ ಕೇಶರಬಾಯಿ ಗಲ್ಲಕ್ಕೆ ಕೈ ಇಟ್ಟು ಕೇಳಿ, “ಪಾಪ, ಇಂವನ ಹೆಂಡ್ತಿ ಬಿಟ್ಟುಹೋಗ್ಯಾಳ ಕಾಣ್ತದ. ಇಲ್ಲದಿದ್ರ ಗಂಡಸು ಇಷ್ಟು ಮಾತಾಡೂದಿಲ್ಲ” ಎಂದಳು. “ಹೌದು, ತವರಿಗೆ ಹೋಗ್ಯಾಳ, ಅದನ್ನ ಹೇಳಾಕತ್ತಾನ” ಎಂದ ಸಂಜೀವಕುಮಾರ.

ಆಟೋ ಹುಸೇನನಿಗೆ ತಾಳದ ಮೇಲೆ ತಕರಾರು. “ಬಡೀಬೇಕಾದಲ್ಲಿ ಬಿಡ್ತಾನ, ಬಿಡಬೇಕಾದಲ್ಲಿ ಬಡೀತಾನ. ನನ್ನ ಗಾಡಿ ಹಿಂಗ ಹೊಡೆದ್ರ ಪ್ಲಗ್ ಬಿಚ್ಚತೀನಿ ನಾ.” ಸಂಜೀವಕುಮಾರ ಅವನ ಭುಜ ತಟ್ಟಿದ. “ಖರೇ ಹಿಡದಿ. ಇಂವ ಮೊದಲು ಡ್ರೈವರ್ ಇದ್ದ.”

ಭಜನೆಯ ಮುದುಕರೊಬ್ಬರು ಡಬ್ಬಿಯ ಮೇಲಿನ ಮುಖ ನೋಡಿ ಕೈಮುಗಿದರು. “ಜಡೆ ನೋಡ್ರಿ, ದಮ್ಮು ನೋಡ್ರಿ! ಅವಧೂತ! ಏನು ಹೇಳ್ತಾನ್ರಿ?” “ದೇಹ ಅನ್ನೂದು ಬಾಡಿಗಿ ಮನಿ ಅಂತಾನ್ರಿ ಅಜ್ಜ.” ಅಜ್ಜ ಕಾಯಿ ಒಡೆಸಿ ಹೋದರು. ಸಂಜೆಯೊಳಗೆ ಆ ಒಬ್ಬನೇ ಮನುಷ್ಯ ಹೆಂಡತಿ ಬಿಟ್ಟವನೂ ಡ್ರೈವರನೂ ಅವಧೂತನೂ ಆದ. ಕ್ಯಾಸೆಟ್ಟು ಏನೂ ಆಕ್ಷೇಪಿಸಲಿಲ್ಲ.

ವಾಡೆಯಲ್ಲಿ ಮಾವನ ಮಂಚದ ಪಕ್ಕ ಟೇಪು ಕೂತಿತು. ಮೊದಲು ವಚನ ಹಚ್ಚಿದರು. ಪಾಟೀಲರು ಗೋಡೆಯ ಕಡೆ ಮುಖ ತಿರುಗಿಸಿದರು. ಭಜನೆ ಹಚ್ಚಿದರು, ಎಡಗಾಲಿನಿಂದ ಹೊದಿಕೆ ಒದ್ದರು. ಕಡೆಗೆ ಜಡೆಯವನು ಬಂದ. ಅವನು ಉಸಿರು ಬಿಡದೆ ಮಾತಿಗೆ ಶುರುವಿಟ್ಟುಕೊಂಡದ್ದೇ ಪಾಟೀಲರ ಕಣ್ಣು ತೆರೆದವು. ಎಡಗೈಯ ತೋರುಬೆರಳು ಎದ್ದಿತು. ಅದು ಎತ್ತು ಸಾಲು ತಪ್ಪಿದಾಗ ಏಳುತ್ತಿದ್ದ ಬೆರಳು, ಆಳು ತಡವಾಗಿ ಬಂದಾಗ ಏಳುತ್ತಿದ್ದ ಬೆರಳು. ಹಾಡಿನ ಜೊತೆ ಅದು ಗಾಳಿಯಲ್ಲಿ ಒಬ್ಬೊಬ್ಬರಿಗೂ ಚುಚ್ಚತೊಡಗಿತು. ಢೋಲು ತೂಕಡಿಸುವ ಜಾಗ ಬಂದಾಗ ಬೆರಳು ಇಳಿದು, ಮುಖದ ಕೆಂಪು ಇಳಿದು, ಮನುಷ್ಯ ಮಲಗಿಬಿಟ್ಟ. ಕಾರ್ತಿಕದಿಂದ ಆ ಮನೆಯಲ್ಲಿ ಅಂಥ ನಿದ್ದೆ ಕಂಡಿರಲಿಲ್ಲ.

ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ಅಳಿಯಾರ, ಇಂವ ಯಾರಿಗೋ ಬೈಯಾಕತ್ತಾನ ಅನ್ನಸ್ತದ ನನಗ.”

“ಛೆ ಛೆ. ಇದು ಹೊಗಳಿಕಿ ಅತ್ತಿ. ಅವರ ಕಡೆ ದೊಡ್ಡ ಧಣಿ ಇದ್ರ ಆಳುಮಕ್ಕಳೆಲ್ಲಾ ಕೂಡಿ ಹಿಂಗ ಹಾಡಿ ಮರ್ಯಾದಿ ಮಾಡ್ತಾರ.”

“ಹೊಗಳಿಕಿ ಇಷ್ಟು ಸಿಟ್ಟಿಲೆ ಇರ್ತದೇನು?”

“ಪ್ರೀತಿ ಜಾಸ್ತಿ ಅತ್ತಿ.”

ಕಸ್ತೂರಿಬಾಯಿ ಇನ್ನೇನೂ ಕೇಳಲಿಲ್ಲ. ಇಷ್ಟು ವರ್ಷ ಅದೇ ಬಗೆಯ ಪ್ರೀತಿಯಲ್ಲಿ ಬಾಳಿದವರಿಗೆ ಕೇಳುವುದು ಏನಿರುತ್ತದೆ? ಆದರೆ ಬಸವಕುಮಾರನಿಗೆ ಈ ವಿವರಣೆ ಬಹಳ ಹಿಡಿಸಿತು. ಬಂದ ನೆಂಟರಿಗೆಲ್ಲ, “ಧಣ್ಯಾರ ಹಾಡು ಅದು. ನಮ್ಮ ಮಾಮಾ ತಂದಾರ” ಎಂದು ಭಾವನ ಹೆಸರು ಹೇಳಿ ಕೇಳಿಸತೊಡಗಿದ.

ಎಳ್ಳಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋಗಿ ಭಜ್ಜಿ ರೊಟ್ಟಿ ಉಂಡು ಬಂದಿತು. ತೊಗರಿ ಕಾಯಿ ಒಣಗಿ ಗಲಗಲ ಎನ್ನುತ್ತಿದ್ದವು. ನಾಳೆಯೋ ನಾಡಿದ್ದೋ ಕೊಯ್ಲು. ಕೆಳಗಿನ ಓಣಿಯಲ್ಲಿ ಕುಡುಗೋಲು ಮಸೆದಿಟ್ಟಿದ್ದರು. ಅಷ್ಟರಲ್ಲಿ ಒಂದು ಬೆಳಗ್ಗೆ, ಢೋಲು ತೂಕಡಿಸುವ ಜಾಗದಲ್ಲಿ, ಪಾಟೀಲರು ತೀರಿಕೊಂಡರು.

ವಾಡೆಯಲ್ಲಿ ಅಳು ಎದ್ದಿತು. ಅದು ಕೇಳಿ ಕೆಳಗಿನ ಓಣಿಯಲ್ಲೂ ಕಾಂತಾಬಾಯಿ ಎದೆ ಹಿಡಿದುಕೊಂಡು ಕೂತಳು. ಎರಡೂ ಕಡೆಯ ದುಃಖದಲ್ಲಿ ಯಾವುದು ಹೆಚ್ಚು ಪ್ರಾಮಾಣಿಕ ಎಂದು ಹೇಳುವುದು ಕಷ್ಟ.

ಬಾಳೆಕಂಬ ಕಟ್ಟಿ, ಹೂವು ಹೊದಿಸಿ, ಹೆಣ ಹೊರುವ ವಿಮಾನ ಸಿದ್ಧವಾಯಿತು. ಪಾಟೀಲರನ್ನು ಅದರಲ್ಲಿ ಕೂರಿಸಿದರು. ಬಸವಕುಮಾರ ಜ್ಞಾನೇಶ್ವರನನ್ನು ಕರೆಸಿದ. ಅವನು ಬಂದು ಅಂಗಳದ ಅಂಚಿಗೆ ನಿಂತ. ತೊಳೆದ ಬಿಳಿ ಅಂಗಿ ಹಾಕಿದ್ದ.

“ಕೊಟ್ಟಿಗ್ಯಾಗ ಹಲಗಿ ಅದ. ಇಳಸ್ಕೋ” ಎಂದ ಬಸವಕುಮಾರ.

“ಸಣ್ಣ ಪಾಟೀಲ್ರ, ಅಡಗಿಗೆ ಕಟಗಿ ಒಡೀತೇವ್ರಿ. ಕುಣಿ ತೋಡ್ತೇವ್ರಿ. ಹೆಗಲು ಕೊಡು ಅಂದ್ರ ಹೆಗಲೂ ಕೊಡ್ತೇವ್ರಿ. ಹಲಗಿ ಇಲ್ರಿ.”

“ನಿನ್ನ ಹೆಗಲು ಯಾರು ಕೇಳ್ಯಾರೋ? ಅಪ್ಪನ ಮಾತು ನೆನಪದ ಇಲ್ಲೋ?”

“ಅದರೀ. ಮರಿಯಾಕ ಆಗೂದಿಲ್ರಿ.”

“ಹಂಗಾದ್ರ ತೊಗರಿ ಕಡೆ ಹೊಳ್ಳಿ ನೋಡಬ್ಯಾಡ್ರಿ. ನಂದಷ್ಟ ಅಲ್ಲ, ಈ ಊರಾಗ ಯಾರೂ ನಿಮ್ಮನ್ನ ಕರಿಯೂದಿಲ್ಲ.”

ಜ್ಞಾನೇಶ್ವರ ತಲೆ ತಗ್ಗಿಸಿದ. ಹಿಂದೆ ಸರಿಯಲಿಲ್ಲ, ಕೊಟ್ಟಿಗೆಯ ಕಡೆಗೂ ಹೋಗಲಿಲ್ಲ. ಅಂಗಳ ತುಂಬ ಜನ. ಉದಗೀರಿನಿಂದ ಬಂದ ಬಸವಕುಮಾರನ ಸೋದರಮಾವ ಗಡಿಯಾರ ನೋಡುತ್ತಿದ್ದರು. ಹೆಣ ಏಳುವವರೆಗೆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬೆಳಗಿನಿಂದ ಒಂದು ಬಟ್ಟಲು ಚಹಾ ಕಾಣದ ಅಳಿಯ ಎರಡೂ ಕಡೆಯ ಮುಖ ನೋಡಿದ. ಇಂಥ ಹೊತ್ತಿನಲ್ಲಿ ಅವನ ನಾಲಗೆ ತಾನಾಗಿ ಹೊರಳುತ್ತದೆ.

“ಬಸವಕುಮಾರ, ಹಲಗಿ ಯಾಕ ಬೇಕಪಾ? ಧಣ್ಯಾರ ಹಾಡು ಅದ ಅಲ್ಲ! ಮಾವ ಕಣ್ಣು ಮುಚ್ಚಿದ್ದು ಅದರಾಗ. ಟ್ರ್ಯಾಕ್ಟರಿನ ಮ್ಯಾಲ ಟೇಪು ಇಟ್ಟು ಹಚ್ಚಿದ್ರ ಹಲಗಿಕ್ಕಿಂತ ಜೋರು ಕೇಳ್ತದ. ಅವರ ದೇಶದಾಗ ರಾಜರು ಸತ್ರ ಸೈತ ಇದನ್ನ ಹಚ್ಚತಾರ.”

ರಾಜರು ಎಂಬ ಮಾತಿಗೆ ಸೋದರಮಾವ ಗಡಿಯಾರದಿಂದ ಕಣ್ಣೆತ್ತಿದರು. “ಊರಾಗ ಯಾರಿಗೂ ಆಗಿರದಂಥಾದ್ದು ಆಗಲಿ ಬಿಡು” ಎಂದರು. ಬಸವಕುಮಾರ ಜ್ಞಾನೇಶ್ವರನ ಕಡೆ ಬೆರಳು ಮಾಡಿದ.

“ಎಲ್ಲಾರೂ ಕೇಳ್ರಿ. ಈ ಹಾಡು ನಿಲ್ಲದ ಕುಣಿ ಮುಟ್ಟಬೇಕು. ಮುಟ್ಟಿದ್ರ ಹಲಗಿ ಮಾತು ಬಿಟ್ಟೆ, ನಾಳಿಂದ ಕೊಯ್ಲಿಗೆ ಬರ್ರಿ. ನಡುವ ನಿಂತ್ರ ನಾ ಮಾತು ಕೊಟ್ಟಂಗಿಲ್ಲ.”

ಹೀಗೆ ಒಂದು ಓಣಿಯ ಯುಗಾದಿಯವರೆಗಿನ ಅನ್ನ, ಯಾರೂ ಅರ್ಥ ತಿಳಿಯದ ಒಂದು ಕ್ಯಾಸೆಟ್ಟಿನ ಮೇಲೆ ಕೂತಿತು. ಸಂಜೀವಕುಮಾರ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ತೊಡೆಯ ಮೇಲೆ ಟೇಪು ಇಟ್ಟುಕೊಂಡ.

ಮೆರವಣಿಗೆ ಹೊರಟಿತು. ಮುಂದೆ ಟ್ರ್ಯಾಕ್ಟರು, ಹಿಂದೆ ಹೂವಿನ ವಿಮಾನ, ಅದರಲ್ಲಿ ಕೂತು ಹಾಡಿನ ಕುಲುಕಿಗೆ ತಲೆದೂಗುತ್ತಿದ್ದ ಪಾಟೀಲರು. ಆ ದಿನ ಅಳಿಯನಿಗಿಂತ ಮಾವನೇ ಚೆನ್ನಾಗಿ ತಲೆದೂಗಿದರೆಂದು ಕಂಡವರು ಹೇಳುತ್ತಾರೆ. ಜಡೆಯವನು ಮಾತು ಶುರುಮಾಡಿದಾಗ ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಎಮ್ಮೆಯೊಂದು ಗೂಟ ಕಿತ್ತುಕೊಂಡು ಓಡಿತು. ಮುದುಕಿಯರು ಬಾಗಿಲಿಗೆ ಬಂದು ಕೇಳಿ, “ಥೇಟ್ ಪಾಟೀಲರ ಧ್ವನಿ” ಎಂದು ಸೆರಗು ಬಾಯಿಗೆ ಒತ್ತಿ ಅತ್ತರು. ಹೊತ್ತವರಿಗೆ ಮಾತ್ರ ತಾಪತ್ರಯ. ಬಡಿದಾಟ ಬಂದಾಗ ಕಾಲು ಓಡುತ್ತಿತ್ತು, ತೊಟ್ಟಿಲು ಬಂದಾಗ ಕಾಲು ತಡವರಿಸುತ್ತಿತ್ತು. ಸೋದರಮಾವ ಹಿಂದಿನಿಂದ, “ಏ, ಮದುವಿಗಲ್ಲೋ, ಮಣ್ಣಿಗೆ ಹೊಂಟೇವಿ” ಎಂದು ಗದರಿಸುತ್ತಿದ್ದರು.

ಜಗಳ ಆದೀತೆಂದು ಯಾರೋ ಮುಂಚೆಯೇ ಸುದ್ದಿ ಮುಟ್ಟಿಸಿದ್ದರಿಂದ ಹೆಡ್ ಕಾನ್‌ಸ್ಟೇಬಲ್ ಮೊಹಿನುದ್ದೀನ್ ಮೋಟಾರುಸೈಕಲ್ಲಿನ ಮೇಲೆ ಬಂದರು. ಟ್ರ್ಯಾಕ್ಟರಿನ ಪಕ್ಕದಲ್ಲಿ ನಡೆಯುತ್ತ ಕಿವಿಗೊಟ್ಟು ಸಂಜೀವಕುಮಾರನನ್ನು ಕೇಳಿದರು. “ಯಾವ ಭಾಷಾ ಇದು?”

“ಇಂಗ್ಲೀಷ್ ಇದ್ದಂಗ ಅದರಿ ಸಾಹೇಬ್ರ. ಭಕ್ತಿದು.”

“ಯಾವ ಜಾತಿ ಹೆಸರು ಬರ್ತದೇನು? ಪಾರ್ಟಿ ಹೆಸರು?”

“ಇಲ್ರಿ.”

“ಬಸ್. ಹಂಗಾದ್ರ ಶಾಂತಿ ಅದ” ಎಂದು ಅವರು ಟೋಪಿ ಸರಿಮಾಡಿಕೊಂಡರು. “ಢೋಲು ಮಾತ್ರ ಛಲೋ ಅದ ನೋಡ್ರಿ. ನನ್ನ ಮೊಣಕಾಲು ನೋವು ಕಮ್ಮಿ ಆದಂಗಾತು.”

ಪಾಟೀಲರ ಹೊಲಕ್ಕೆ ಹೋಗುವ ದಾರಿ ಕೆಳಗಿನ ಓಣಿಯ ಬಾಯಿಯ ಮುಂದೆಯೇ ಹಾಯುತ್ತದೆ. ಓಣಿಯವರೆಲ್ಲ ಅಲ್ಲಿ ಸಾಲಾಗಿ ನಿಂತಿದ್ದರು. ಕಾಂತಾಬಾಯಿಯ ಕಣ್ಣು ಹೆಣದ ಮೇಲಿರಲಿಲ್ಲ, ಟೇಪಿನ ಮೇಲಿತ್ತು. ತುಟಿ ಅಲುಗುತ್ತಿತ್ತು, ನಿಲ್ಲಬೇಡ, ನಿಲ್ಲಬೇಡ ಎನ್ನುತ್ತಿದ್ದಳೆಂದು ತೋರುತ್ತದೆ. ಹಾಡು ಗಟ್ಟಿಯಾಗಿಯೇ ಇತ್ತು. ಇನ್ನೊಂದು ಹೊಲ ದಾಟಿದರೆ ಕುಣಿ.

ಆಗ ಯಾರೋ ನಕ್ಕರು. ಮುಸುಮುಸು ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗೆ. ನಕ್ಕವನು ಜ್ಞಾನೇಶ್ವರನ ಮಗ ಅಜೀತ. ಗುಲಬರ್ಗಾದಲ್ಲಿ ಬಿ.ಎ. ಮುಗಿಸಿ ಬಂದು ಕೆಲಸಕ್ಕೆ ಕಾಯುತ್ತಿದ್ದವನು.

ಬಸವಕುಮಾರ ಕೈ ಎತ್ತಿದ. ಟ್ರ್ಯಾಕ್ಟರು ನಿಂತಿತು, ಹಾಡು ಇನ್ನೂ ನಡೆದಿತ್ತು.

“ಯಾಕೋ ನಗಾಕತ್ತಿ? ಹೆಣ ಕಾಣ್ಸೂದಿಲ್ಲೇನು?”

“ಅಜೀತ, ಸುಮ್ಮನಿರಪಾ” ಎಂದ ಜ್ಞಾನೇಶ್ವರ.

ಅಜೀತ ಸುಮ್ಮನಿರಲಿಲ್ಲ. “ಈ ಹಾಡು ಯಾರದು ಅಂತ ಗೊತ್ತದೇನ್ರಿ? ನಮ್ಮ ಹಾಸ್ಟೆಲಿನ್ಯಾಗ ಇದೇ ಕ್ಯಾಸೆಟ್ ಇತ್ತು. ಕವರಿನ ಒಳಗ ಹಾಡು ಬರದಿತ್ತು, ಡಿಕ್ಷನರಿ ಇಟ್ಕೊಂಡು ಓದಿದ್ವಿ. ಸಂಕೋಲಿ ಹಾಕಿ ಹಡಗಿನ್ಯಾಗ ತುಂಬ್ಕೊಂಡು ಹೋಗಿ, ಕಬ್ಬಿನ ಹೊಲದಾಗ ದುಡಿಸಿದ್ರಲ್ಲ, ಆ ಜನದ ಮಕ್ಕಳದು ಈ ಹಾಡು. ಧಣಿಗೆ ಬೈಯಾಕತ್ತಾರ. ‘ನಿನ್ನ ಹಬ್ಬಕ್ಕ ನಮ್ಮ ಢೋಲು ಸಿಗೂದಿಲ್ಲ, ನಿನ್ನ ಸಾವಿಗೂ ಸಿಗೂದಿಲ್ಲ’ ಅಂತಾರ. ಅದನ್ನ ನೀವ ಸ್ಪೀಕರಿನ್ಯಾಗ ಹಚ್ಚಿ ನಿಮ್ಮಪ್ಪಗ ಕೇಳಸಾಕತ್ತೀರಿ!”

ಕಾಂತಾಬಾಯಿ ಮಗನ ಬಾಯಿಗೆ ಕೈ ಒಡ್ಡಿದಳು. ಹೊತ್ತು ಮೀರಿತ್ತು.

ಎಲ್ಲರೂ ಟ್ರ್ಯಾಕ್ಟರಿನ ಕಡೆ ತಿರುಗಿದರು. ಮೊಹಿನುದ್ದೀನರಿಗೆ ಕರ್ತವ್ಯ ನೆನಪಾಯಿತು. “ಧಣಿ ಅಂದ್ರ ಯಾವ ಧಣಿ? ಹೆಸರು ತಗೊಂಡಾನೇನು?” “ಇಲ್ಲ” ಎಂದ ಅಜೀತ. “ಹೆಸರಿಲ್ಲದ ಬೈಗುಳಕ್ಕ ಕಲಂ ಇಲ್ಲ” ಎಂದು ಅವರು ಬೇವಿನ ಮರದ ನೆರಳಿಗೆ ಹೋಗಿ ನಿಂತರು.

“ಮಾಮಾ, ನೀವು ಹೇಳ್ರಿ” ಎಂದ ಬಸವಕುಮಾರ. “ಇಂವ ಹೇಳೂದು ಖರೇನೋ ಸುಳ್ಳೋ?”

ಸಂಜೀವಕುಮಾರ ಬಸವಕುಮಾರನ ಮುಖ ನೋಡಿದ. ಅದಕ್ಕೆ ಸುಳ್ಳು ಎಂಬ ಉತ್ತರ ಬೇಕಿತ್ತು. ಅಜೀತನ ಮುಖ ನೋಡಿದ. ಅದಕ್ಕೆ ಖರೆ ಎಂಬ ಉತ್ತರ ಬೇಕಿತ್ತು. ಕಾಂತಾಬಾಯಿಯ ಮುಖಕ್ಕೆ ಎರಡೂ ಬೇಕಿರಲಿಲ್ಲ, ತೊಗರಿ ಬೇಕಿತ್ತು. ಇಷ್ಟು ಮುಖಗಳಿಗೆ ಒಪ್ಪುವ ಒಂದು ಮಾತು ಅವನಿಗೆ ಹೊಳೆಯಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವನು ಆ ಮಾತನ್ನು ಆಡಿದ.

“ನನಗ ಗೊತ್ತಿಲ್ಲ.”

ಒಬ್ಬರೂ ನಂಬಲಿಲ್ಲ. “ಸಂಗೀತ ತಿಳಿದವರು ಹಿಂಗ ಅಂದ್ರ ಹ್ಯಾಂಗ?” ಎಂದರು ಸೋದರಮಾವ. “ಖರೇನ ಗೊತ್ತಿಲ್ರಿ. ಇಂಗ್ಲೀಷೂ ಬರೂದಿಲ್ಲ, ಸಂಗೀತಾನೂ ಬರೂದಿಲ್ಲ ನನಗ” ಎಂದು ಅವನು ಕೈಮುಗಿದ. ಹೆಂಗಸರ ಗುಂಪಿನಿಂದ ಅವನ ಹೆಂಡತಿ ದೀಪಾಲಿಯೇ ಮುಂದೆ ಬಂದಳು. “ಇಷ್ಟು ವರ್ಷ ಎಲ್ಲಾ ಗೊತ್ತಿತ್ತು, ಇವತ್ತ ಗೊತ್ತಿಲ್ಲಾತೇನು? ನನ್ನ ಅಪ್ಪನ್ನ ಬೈಸಾಕ ಟೇಪು ತಂದ್ರೇನು?” ಎಂದು ಅತ್ತಳು. ಎಲ್ಲ ತಿಳಿದೂ ಬೇಕೆಂದೇ ಮಾಡಿದನೆಂದು ತೀರ್ಮಾನವಾಯಿತು. ಅವನ ಪಾಂಡಿತ್ಯ ಅಷ್ಟು ಗಟ್ಟಿಯಾಗಿ ಸ್ಥಾಪಿತವಾದದ್ದು ಅದೇ ದಿನ.

ಬಸವಕುಮಾರ ಟ್ರ್ಯಾಕ್ಟರು ಹತ್ತಿ ಟೇಪಿನ ಗುಂಡಿ ಒತ್ತಿದ. ಹಾಡು ನಿಂತಿತು.

ಕೊಟ್ಟಿಗೆಯಿಂದ ಹಲಗೆ ಬಂತು. ಜೋಳದ ಸೊಪ್ಪೆಯ ಬೆಂಕಿ ಮಾಡಿ, ಚರ್ಮ ಬಿಗಿಯಲೆಂದು ಯಾರೋ ಅದನ್ನು ಕಾಯಿಸಿದರು. ಜ್ಞಾನೇಶ್ವರನ ಕಾಲ ಬುಡದಲ್ಲಿ ಇಟ್ಟರು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ವಿಮಾನ ಹೊತ್ತವರ ಹೆಗಲು ನಡುಗತೊಡಗಿತು. ಪಾಟೀಲರು ಬದುಕಿದ್ದಾಗಲೂ ಭಾರದ ಮನುಷ್ಯ. ದಾರಿಯಲ್ಲಿ ಇಳಿಸುವಂತಿಲ್ಲ, ಸದ್ದಿಲ್ಲದೆ ಮುಂದೆ ಹೋಗುವಂತಿಲ್ಲ.

“ಅಣ್ಣಾ, ಬಾರಸೋ, ಹೆಗಲು ಹೋತು” ಎಂದು ಹೊತ್ತವರಲ್ಲಿ ಒಬ್ಬ ಗೋಗರೆದ. ಪಾಟೀಲರ ಕಡೆಯವನೊಬ್ಬ ಜ್ಞಾನೇಶ್ವರನನ್ನು ಅಣ್ಣಾ ಎಂದದ್ದು ಅದೇ ಮೊದಲು. ಆದರೂ ಅವನ ಕೈ ಬೆನ್ನ ಹಿಂದಿನಿಂದ ಬರಲಿಲ್ಲ.

ಆಗ ಕಸ್ತೂರಿಬಾಯಿ ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದರು. ಮುಖದಲ್ಲಿ ಕಣ್ಣೀರಿರಲಿಲ್ಲ.

“ಅಳಿಯಾರ, ಹಚ್ಚರಿ ಆ ಹಾಡು.”

“ಅವ್ವಾ, ಅದು ಬೈಗುಳಂತ!” ಎಂದ ಬಸವಕುಮಾರ.

“ಗೊತ್ತದ. ಮೊದಲನೇ ದಿನಾನ ಗೊತ್ತಾಗ್ಯಾದ ನನಗ. ಬೈಗುಳ ಅಂದ್ರ ಯಾವ ಭಾಷಾದಾಗಿದ್ರೂ ತಿಳೀತದ. ಈ ಮನಿಗೆ ಕಾಲಿಟ್ಟಾಗಿಂದ ಅವರು ಬೈದದ್ದ ಬೈದದ್ದು. ಅವರಿಗೆ ಯಾರೂ ಬೈದಿಲ್ಲ. ಹೋಗೂ ಹೊತ್ತಿನ್ಯಾಗ ಜರಾ ಕೇಳ್ಕೋತ ಹೋಗಲಿ.”

“ಅವ್ವಾ, ಹಲಗಿ...”

“ಹಲಗಿ ಅವರು ತಂದದ್ದು. ಅವರ ಕೂಡ ಕುಣ್ಯಾಗ ಇಡ್ರಿ. ಅಲ್ಲಿ ತಾವ ಬಾರಿಸ್ಕೋಲಿ.”

ಜೊತೆಗಿದ್ದ ಸ್ವಾಮಿಗಳು ‘ಶಿವ ಶಿವಾ’ ಎಂದು ಕಿವಿ ಮುಚ್ಚಿಕೊಂಡರು. ಹಲಗೆಯನ್ನು ಕುಣಿಯಲ್ಲಿಡುವ ಧೈರ್ಯ ಯಾರಿಗೂ ಬರಲಿಲ್ಲ. ಅದು ಅಲ್ಲೇ ದಾರಿಯಲ್ಲಿ ಬಿದ್ದಿತ್ತು. ಸಂಜೀವಕುಮಾರ ಗುಂಡಿ ಒತ್ತಿದ. ಜಡೆಯವನು ಬಿಟ್ಟ ಜಾಗದಿಂದಲೇ ಮಾತು ಎತ್ತಿಕೊಂಡ. ಈ ಸಲ ಊರಿಗೆಲ್ಲ ಅರ್ಥ ಗೊತ್ತಿತ್ತು. ಆದ್ದರಿಂದ ಯಾರೂ ಮುಖ ಮೇಲೆತ್ತದೆ, ಬೈಸಿಕೊಳ್ಳುವವರು ನಡೆಯುವ ಹಾಗೆ ನಡೆದರು. ಪಾಟೀಲರು ಕುಣಿಯವರೆಗೂ ತಲೆದೂಗುತ್ತಲೇ ಹೋದರು.

ಮಣ್ಣು ಕೊಟ್ಟು ಕೈ ತೊಳೆಯುವಾಗ ಸಂಜೀವಕುಮಾರ ಬಸವಕುಮಾರನ ಹತ್ತಿರ ಹೋಗಿ ಮೆಲ್ಲಗೆ ಹೇಳಿದ. “ಹಾಡು ಕುಣಿ ಮುಟ್ಟಿತಲ್ಲಪಾ.”

“ನಡುವ ನಿಂತಿತ್ತು ಮಾಮಾ.”

“ಅದನ್ನ ನಿಲ್ಲಿಸಿದಾಂವ ನೀನ ಅಲ್ಲೇನು?”

“ಯಾರು ನಿಲ್ಲಸಿದ್ರು ಅಂತ ಮಾತು ಆಗಿರಲಿಲ್ಲ. ನಿಂತಿತೋ ಇಲ್ಲೋ?”

ನಿಂತದ್ದು ಹೌದು. ಸುತ್ತಲಿದ್ದವರೆಲ್ಲ ಹೌದೆಂದರು. ಕಸ್ತೂರಿಬಾಯಿಯೂ ಮಗನಿಗೆ ಹೇಳಿ ನೋಡಿದರು. ಹೆಣದ ಮೇಲೆ ಆಕೆಯ ಮಾತು ನಡೆಯಿತು, ಹೊಲದ ಮೇಲೆ ನಡೆಯಲಿಲ್ಲ. ಹೊಲವೆಲ್ಲ ಮಗನ ಹೆಸರಿನಲ್ಲಿತ್ತು.

ಮಾವನ ಮನೆಯ ಕಾರ್ಯವೆಲ್ಲ ತೀರಿದ ಮೇಲೆ ಸಂಜೀವಕುಮಾರ ಹುಮನಾಬಾದಿನ ಬಸ್ಸು ಹತ್ತಿದ. ಒಬ್ಬನೇ ಇದ್ದ. ದೀಪಾಲಿ ತವರಿನಲ್ಲೇ ಉಳಿದಿದ್ದಳು, ಯಾವಾಗ ಬರುತ್ತಾಳೆಂದು ಹೇಳಿರಲಿಲ್ಲ. ಟೇಪನ್ನು ಕಸ್ತೂರಿಬಾಯಿ ಕೇಳಿ ಇಟ್ಟುಕೊಂಡಿದ್ದರು. ಬಸ್ಸಿನ ತುಂಬ ಹಾಸಿಗೆ ಸುರುಳಿ, ಪಾತ್ರೆಯ ಚೀಲ, ಕೋಳಿ ಬುಟ್ಟಿ. ಕೆಳಗಿನ ಓಣಿ ಅರ್ಧಕ್ಕರ್ಧ ಅದರಲ್ಲಿತ್ತು. ಹುಮನಾಬಾದಿನಲ್ಲಿ ಇಳಿದು ಹೈದರಾಬಾದಿನ ಬಸ್ಸು ಹಿಡಿಯುವವರು. ಅಲ್ಲಿ ಕಟ್ಟಡದ ಕೆಲಸ ಇದೆಯಂತೆ. ಕಿಟಕಿಯಾಚೆ ಪಾಟೀಲರ ತೊಗರಿ ಕೊಯ್ಯುವವರಿಲ್ಲದೆ ಬಿಸಿಲಿಗೆ ಸಿಡಿಯುತ್ತಿತ್ತು.

ಕಾಂತಾಬಾಯಿ ಅವನ ಎದುರಿನ ಸೀಟಿನಲ್ಲಿದ್ದಳು. ಪಕ್ಕದಲ್ಲಿ ಅಜೀತ, ಹಿಂದೆ ಜ್ಞಾನೇಶ್ವರ. ಅವಳು ಇವನ ಕಡೆ ಬಾಗಿ ಕೇಳಿದಳು.

“ಸಾಹೇಬ್ರ, ಆ ಹಾಡಿನ ಮಂದಿ ಬಗ್ಗಿ ಒಂದು ಮಾತು ಕೇಳ್ಲಿರಿ?”

“ಕೇಳವ್ವಾ.”

“ಢೋಲು ಬಾರಸೂದಿಲ್ಲ ಅಂದ್ರಲ್ಲ, ಆಮ್ಯಾಲ ಏನಾತ್ರಿ ಅವರದು? ಕೆಲಸ ಸಿಕ್ತೇನ್ರಿ ಅವರಿಗೆ?”

ಸಂಜೀವಕುಮಾರ ಅವಳ ಮುಖ ನೋಡಿದ. ಮಡಿಲಲ್ಲಿ ಬಟ್ಟೆ ಸುತ್ತಿದ ಕುಡುಗೋಲಿತ್ತು. ಕಟ್ಟಡದ ಕೆಲಸಕ್ಕೆ ಅದು ಬೇಡವೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

“ಸಿಕ್ತವ್ವಾ. ಎಲ್ಲಾರಿಗೂ ಸಿಕ್ತು. ಹಾಡಿನ ಕಡೀಕ ಅದನ್ನ ಹೇಳ್ತಾನ.”

ಅಜೀತ ತಟ್ಟನೆ ಅವನ ಕಡೆ ತಿರುಗಿದ. ಬಾಯಿ ತೆರೆದ. ತಾಯಿಯ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿ, ಕಿಟಕಿಯ ಕಡೆ ಮುಖ ಮಾಡಿದ.

“ದೂರ ಹೋಗಬೇಕಾತೇನ್ರಿ ಅವರು?” ಎಂದಳು ಕಾಂತಾಬಾಯಿ.

“ಜರಾ ದೂರ.”

“ಹೈದ್ರಾಬಾದಿಗಿಂತ ದೂರೇನ್ರಿ?”